ಜಕ್ಕಾಯನ ನಾಲ್ಕರಷ್ಟು, ಕಂಪನಿಯ ಶೇಕಡಾ ಎರಡು: ಒಂದು ದೈವಶಾಸ್ತ್ರೀಯ ವಿಮರ್ಶೆ

ತುಮಕೂರಿನ ಸದಾಶಿವನಗರದಲ್ಲಿ ನಾವು ವಾಸವಾಗಿರುವ ಮನೆಯ ಮುಂದಿನ ರಸ್ತೆಗೆ, ಬೆಳಗಿನ ಬಲಿಪೂಜೆ ಮುಗಿಯುವ ಹೊತ್ತಿಗೆ ಸರಿಯಾಗಿ ಕಾರ್ಖಾನೆಗಳ ಬಸ್ಸುಗಳು ಬಂದು ನಿಲ್ಲುತ್ತವೆ. ಕೊರಳಲ್ಲಿ ಗುರುತಿನ ಚೀಟಿ ತೂಗುಹಾಕಿಕೊಂಡ ಯುವಕ ಯುವತಿಯರು ಬುತ್ತಿಚೀಲ ಹಿಡಿದು ಹತ್ತುತ್ತಾರೆ. ಬಸ್ಸು ವಸಂತನರಸಾಪುರದ ಕಡೆಗೆ ಹೊರಡುತ್ತದೆ. ಆ ಕೈಗಾರಿಕಾ ಪ್ರದೇಶದಲ್ಲಿ 2014ರ ಸೆಪ್ಟೆಂಬರ್ 24ರಂದು ಆಹಾರ ಪಾರ್ಕಿನ ಉದ್ಘಾಟನೆಯಾಯಿತು. 2023ರ ಫೆಬ್ರವರಿ 6ರಂದು ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ತೆರೆಯಿತು. ತೆಂಗು, ರಾಗಿ, ಹುಣಸೆಗಳ ಜಿಲ್ಲೆ ತನ್ನ ಮಕ್ಕಳನ್ನು ಯಂತ್ರದ ಮುಂದೆ ನಿಲ್ಲಿಸಲು ಕಲಿಯುತ್ತಿದೆ. ಇದನ್ನು ಕಂಡು ಮರುಗುವವರಲ್ಲಿ ನಾವಿಲ್ಲ. ಮಳೆಯನ್ನೇ ನಂಬಿದ ಹೊಲವು ಆ ಮಕ್ಕಳ ತಂದೆತಾಯಂದಿರಿಗೆ ಏನು ಕೊಟ್ಟಿತೆಂಬುದನ್ನು ಬಲ್ಲೆವು.

ಆದರೆ ಕಳೆದ ವರ್ಷದ ಒಂದು ಸಣ್ಣ ಸಂಗತಿ ನಮ್ಮನ್ನು ಈ ಬರಹಕ್ಕೆ ಹಚ್ಚಿದೆ. ಧಾರ್ಮಿಕ ಸಭೆಯೊಂದರ ಸಹೋದರಿಯರು ನಡೆಸುವ ಶಾಲೆಗೆ ಒಂದು ದೊಡ್ಡ ಕಂಪನಿಯು ಕುಡಿಯುವ ನೀರಿನ ಶುದ್ಧೀಕರಣ ಘಟಕವನ್ನು ಕೊಡುಗೆಯಾಗಿ ನೀಡಿತ್ತು. ಅದನ್ನು ಆಶೀರ್ವದಿಸುವಂತೆ ನಮ್ಮನ್ನು ಕರೆದಿದ್ದರು. ಹೋದೆವು; ಪ್ರಾರ್ಥಿಸಿದೆವು; ತೀರ್ಥ ಚಿಮುಕಿಸಿದೆವು; ಕಂಪನಿಯ ಔದಾರ್ಯವನ್ನು ಹೊಗಳಿ ನಾಲ್ಕು ಮಾತಾಡಿದೆವು. ಸಮಾರಂಭ ಮುಗಿದು ಹೊರಡುವಾಗ ವಿದ್ಯಾರ್ಥಿಯೊಬ್ಬನ ತಂದೆ ಬಾಗಿಲ ಬಳಿ ಕೈಮುಗಿದು ನಿಂತಿದ್ದರು. ಅದೇ ಕಂಪನಿಯಲ್ಲಿ ಗುತ್ತಿಗೆ ಕಾರ್ಮಿಕರು. ‘ಫಾದರ್, ನೀರು ಒಳ್ಳೇದಾಯ್ತು. ನಮ್ಮ ಸಂಬಳದಲ್ಲಿ ಪಿಎಫ್ ಅಂತ ಹಿಡೀತಾರೆ, ಎರಡು ವರ್ಷದಿಂದ ಖಾತೆಗೆ ಕಟ್ಟಿಲ್ಲ. ಕೇಳಿದ್ರೆ ಕಂಟ್ರಾಕ್ಟರನ್ನ ಕೇಳಿ ಅಂತಾರೆ. ನೀವು ಅವರ ಪಕ್ಕದಲ್ಲೇ ಕೂತಿದ್ರಿ ಅಂತ ಹೇಳ್ದೆ.’ ಇಷ್ಟೇ ಅವರ ಮಾತು. ನಾವು ಮರಳಿ ಒಳಗೆ ಹೋಗಲಿಲ್ಲ. ಅಧಿಕಾರಿಗಳಿನ್ನೂ ಅಲ್ಲಿಯೇ ಚಹಾ ಕುಡಿಯುತ್ತಿದ್ದರು.

ನಮ್ಮ ನಾಲಿಗೆ ಅಂದು ಏಕೆ ಏಳಲಿಲ್ಲ? ಅಂಜಿಕೆಯಿಂದ ಎಂದರೆ ಅರ್ಧ ಉತ್ತರವಾದೀತು. ಕೊಡುಗೆ ಪಡೆದವರು ಕೊಟ್ಟವರ ಲೆಕ್ಕ ಕೇಳಬಾರದೆಂಬ ಸಂಕೋಚವೇ ಹೆಚ್ಚಾಗಿತ್ತು. ಈ ಸಂಕೋಚವು ನಮ್ಮೊಬ್ಬರದಲ್ಲ; ಅದಕ್ಕೀಗ ಕಾನೂನಿನ ಆಕಾರವೂ ದೊರೆತಿದೆ. ಆ ಕಾನೂನನ್ನೂ ಅದರ ಮುಂದೆ ಧರ್ಮಸಭೆ ನಿಂತಿರುವ ಭಂಗಿಯನ್ನೂ ಇಲ್ಲಿ ಪರಿಶೀಲಿಸಬಯಸುತ್ತೇವೆ.

2013ರ ಕಂಪನಿ ಕಾಯಿದೆಯ 135ನೆಯ ಕಲಮು 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 500 ಕೋಟಿ ರೂಪಾಯಿಯ ನಿವ್ವಳ ಆಸ್ತಿ, ಇಲ್ಲವೇ 1,000 ಕೋಟಿಯ ವಹಿವಾಟು, ಇಲ್ಲವೇ 5 ಕೋಟಿಯ ನಿವ್ವಳ ಲಾಭ ಉಳ್ಳ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡಾ 2ನ್ನು ಸಾಮಾಜಿಕ ಹೊಣೆಗಾರಿಕೆಯ ಕಾರ್ಯಗಳಿಗೆ ವೆಚ್ಚ ಮಾಡಬೇಕು. ತಾನು ಕೆಲಸ ಮಾಡುವ ಸ್ಥಳದ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ಈ ಹಣದಿಂದ ಶೌಚಾಲಯಗಳು, ಶಾಲಾ ಕೊಠಡಿಗಳು, ಡಯಾಲಿಸಿಸ್ ಯಂತ್ರಗಳು ಬಂದಿವೆ. ನಮ್ಮ ಸಮಾಜಸೇವಾ ಸಂಸ್ಥೆಗಳೂ ಇದಕ್ಕೆ ಅರ್ಜಿ ಹಾಕುತ್ತವೆ. ಯೋಜನಾವರದಿ ಬರೆಯುವುದರಲ್ಲಿ ನಮ್ಮ ಕೆಲವು ಯುವ ಗುರುಗಳು ಪ್ರಬೋಧನೆ ಬರೆಯುವುದಕ್ಕಿಂತಲೂ ನುರಿತಿದ್ದಾರೆ. ಅದನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಗಮನಿಸಬೇಕಾದುದು ಬೇರೆ. ಈ ಕಲಮಿನಡಿಯ ನಿಯಮಗಳು ಕಂಪನಿಯ ಸ್ವಂತ ನೌಕರರಿಗಾಗಿ ಮಾಡಿದ ವೆಚ್ಚವನ್ನು ಸಾಮಾಜಿಕ ಹೊಣೆಗಾರಿಕೆಯ ಲೆಕ್ಕಕ್ಕೆ ಸೇರಿಸಿಕೊಳ್ಳುವುದಿಲ್ಲ. ನೌಕರನಿಗೆ ಸಲ್ಲಬೇಕಾದುದು ಸಾಲ, ಅದನ್ನು ದಾನವೆಂದು ಬರೆದುಕೊಳ್ಳುವಂತಿಲ್ಲ ಎಂಬ ಭೇದವು ಕಾನೂನು ಬರೆದವರಿಗೆ ತಿಳಿದಿತ್ತು. ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡು ಕುಳಿತಿದ್ದ ನಮಗೆ ಅದು ಮರೆತುಹೋಗಿತ್ತು.

ಈ ಭೇದವನ್ನು ಶುಭಸಂದೇಶವು ಒಂದು ಮರದಡಿಯಲ್ಲಿ ಬಿಡಿಸಿ ತೋರಿಸುತ್ತದೆ. ಲೂಕನ ಶುಭಸಂದೇಶದ 19ನೆಯ ಅಧ್ಯಾಯದ ಜಕ್ಕಾಯನು ಸುಂಕದವರ ಮುಖಂಡ. ಇಂದಿನ ಮಾತಿನಲ್ಲಿ ದೊಡ್ಡ ಗುತ್ತಿಗೆದಾರ. ಯೇಸುಸ್ವಾಮಿ ಅವನ ಮನೆಗೆ ಬಂದಾಗ ಅವನು ಎರಡು ವಾಗ್ದಾನ ಮಾಡುತ್ತಾನೆ. ಆಸ್ತಿಯಲ್ಲಿ ಅರ್ಧ ಬಡವರಿಗೆ. ಯಾರಿಗೆ ಮೋಸ ಮಾಡಿದ್ದಾನೋ ಅವರಿಗೆ ನಾಲ್ಕರಷ್ಟು. ಪ್ರಬೋಧನೆಗಳಲ್ಲಿ ನಾವು ಮೊದಲನೆಯದನ್ನೇ ಹಿಡಿದು ಔದಾರ್ಯದ ಪಾಠ ಹೇಳುತ್ತೇವೆ. ಎರಡನೆಯದು ಬೇರೆ ಜಾತಿಯ ಮಾತು. ವಂಚಿಸಿ ಪಡೆದುದನ್ನು ತಾನಾಗಿ ಒಪ್ಪಿಕೊಂಡವನು ಅಸಲಿನೊಂದಿಗೆ ಐದನೆಯ ಒಂದು ಭಾಗವನ್ನು ಸೇರಿಸಿಕೊಟ್ಟರೆ ಸಾಕೆಂದು ಯಾಜಕಕಾಂಡದ 6ನೆಯ ಅಧ್ಯಾಯ ವಿಧಿಸುತ್ತದೆ. ಕುರಿಯನ್ನು ಕದ್ದು ಕೊಂದವನು ಅಥವಾ ಮಾರಿದವನು ನಾಲ್ಕು ಕುರಿ ಕೊಡಬೇಕೆನ್ನುವುದು ವಿಮೋಚನಾಕಾಂಡದ 22ನೆಯ ಅಧ್ಯಾಯ. ಜಕ್ಕಾಯನು ಹಗುರವಾದ ಅಳತೆಯನ್ನು ಬಿಟ್ಟು ಕಳ್ಳನ ಅಳತೆಯನ್ನೇ ತನಗೆ ಆರಿಸಿಕೊಳ್ಳುತ್ತಾನೆ. ಕಾನೂನಿನ ಒಪ್ಪಿಗೆಯಿಂದಲೇ ನಡೆದಿದ್ದ ತನ್ನ ವ್ಯವಹಾರಕ್ಕೆ ಅವನಿಟ್ಟ ಹೆಸರು ಕಳವು. ಮನೆಗೆ ರಕ್ಷಣೆ ಬಂದಿತೆಂಬ ಪ್ರಭುವಿನ ಮಾತು ಈ ಎರಡೂ ವಾಗ್ದಾನಗಳಾದ ಮೇಲೆ ಬರುತ್ತದೆ.

ಸಂತ ಥಾಮಸ್ ಅಕ್ವಿನಾಸರು ತಮ್ಮ ಮಹಾಗ್ರಂಥದಲ್ಲಿ ಪ್ರತ್ಯರ್ಪಣೆಯನ್ನು, ಎಂದರೆ ಪರರದನ್ನು ಪರರಿಗೆ ಮರಳಿಸುವುದನ್ನು, ದಾನದ ಪ್ರಕರಣದಲ್ಲಿ ಚರ್ಚಿಸದೆ ನ್ಯಾಯದ ಪ್ರಕರಣದಲ್ಲಿ ಚರ್ಚಿಸಿರುವುದು ಇದೇ ಕಾರಣಕ್ಕೆ. ಪಾಪನಿವೇದನೆಯ ಪೀಠದಲ್ಲಿ ಕುಳಿತ ಗುರುವಿಗೆ ಇದು ದಿನನಿತ್ಯದ ಪಾಠ. ಕದ್ದವನು ಕದ್ದುದನ್ನು ಕೈಯಲ್ಲೇ ಇಟ್ಟುಕೊಂಡು ಬೇರೊಬ್ಬನಿಗೆ ಅನ್ನ ಹಾಕಿದರೆ ಪ್ರಾಯಶ್ಚಿತ್ತವಾಗದು. ಒಬ್ಬ ಕೂಲಿಯವನಿಗೆ ನಾವು ಹೀಗೆಯೇ ಹೇಳುತ್ತೇವೆ. ಕಂಪನಿಗೆ ಹೇಳುವವರು ಯಾರು? ಅದು ಪಾಪನಿವೇದನೆಗೆ ಬರುವುದಿಲ್ಲ.

ಇಲ್ಲಿ ಧರ್ಮಸಭೆಯು ತನ್ನದೇ ಚರಿತ್ರೆಯ ಒಂದು ಪುಟವನ್ನು ತೆರೆದು ನೋಡಬೇಕು. ದೇಹವಿಲ್ಲದ, ಆದರೆ ಆಸ್ತಿ ಹೊಂದಬಲ್ಲ, ಒಪ್ಪಂದ ಮಾಡಬಲ್ಲ, ಸದಸ್ಯರು ಸತ್ತರೂ ತಾನು ಸಾಯದ ‘ಕಲ್ಪಿತ ವ್ಯಕ್ತಿ’ ಎಂಬ ಪರಿಕಲ್ಪನೆಯನ್ನು ರೂಪಿಸಿದವರಲ್ಲಿ ಮಧ್ಯಯುಗದ ನಮ್ಮ ಧರ್ಮಸಭಾ ನ್ಯಾಯವಿದರೇ ಪ್ರಮುಖರು. ಮಠ, ಪ್ರಧಾನಾಲಯದ ಗುರುಮಂಡಲಿ, ವಿಶ್ವವಿದ್ಯಾಲಯ ಇವುಗಳ ಆಸ್ತಿಯ ತಕರಾರುಗಳು ಅವರ ಮುಂದೆ ಇದ್ದವು. ಅವರಲ್ಲಿ ದೊಡ್ಡವರು ಸಿನಿಬಾಲ್ದೊ ಫಿಯೆಸ್ಕಿ. ಮುಂದೆ ಅವರೇ ನಾಲ್ಕನೆಯ ಇನ್ನೊಸೆಂಟ್ ಎಂಬ ಹೆಸರಿನಲ್ಲಿ ಪೋಪ್ ಆದರು. ಒಂದು ಸಮೂಹವನ್ನು ಸಮೂಹವಾಗಿ ಬಹಿಷ್ಕರಿಸಬಹುದೇ ಎಂಬ ಪ್ರಶ್ನೆಗೆ ಅವರ ಉತ್ತರ, ಕೂಡದು. ಕಲ್ಪಿತ ವ್ಯಕ್ತಿಗೆ ಆತ್ಮವಿಲ್ಲ. ಸಮೂಹದೊಳಗಿನ ನಿರಪರಾಧಿಗಳು ಅಪರಾಧಿಗಳೊಂದಿಗೆ ಸಿಲುಕಬಾರದು. 1245ರ ಲಿಯೋನ್ ಮಹಾಸಭೆಯ ಹೊತ್ತಿನಲ್ಲಿ ಇದು ವಿಧಿಯೂ ಆಯಿತು.

ಆ ವಿಧಿಯ ಹಿಂದೆ ಕರುಣೆಯಿತ್ತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಅದರ ಇನ್ನೊಂದು ಪಾದವನ್ನೂ ನೋಡಬೇಕು. ಸಮೂಹವನ್ನು ಬಹಿಷ್ಕರಿಸಬಾರದು, ಆದರೆ ಅದರೊಳಗೆ ತಪ್ಪೆಸಗಿದವರನ್ನು ಹೆಸರು ಹಿಡಿದು ಹುಡುಕಬೇಕು ಎಂಬುದೂ ಅದೇ ವಿಧಿಯ ಭಾಗ. ಲೋಕವು ನಮ್ಮಿಂದ ಮೊದಲ ಪಾದವನ್ನು ಎರವಲು ಪಡೆದು ಎರಡನೆಯದನ್ನು ಹಿಂದಕ್ಕೆ ಬಿಟ್ಟಿತು. 1897ರ ಸಾಲೊಮನ್ ಪ್ರಕರಣದಲ್ಲಿ ಇಂಗ್ಲೆಂಡಿನ ಪ್ರಭುಸಭೆಯು, ಬಹುಪಾಲು ಷೇರುಗಳೆಲ್ಲ ಒಬ್ಬನ ಕೈಯಲ್ಲೇ ಇದ್ದರೂ ಕಂಪನಿ ಬೇರೆ, ಅವನು ಬೇರೆ ಎಂದು ತೀರ್ಮಾನಿಸಿತು. ನಮ್ಮ ದೇಶದ ಕಂಪನಿ ಕಾನೂನು ಇಂದಿಗೂ ಆ ಬುನಾದಿಯ ಮೇಲಿದೆ. ಇದರ ಫಲವನ್ನು ಭಾರತ ಭೋಪಾಲದಲ್ಲಿ ಉಂಡಿತು. 1984ರ ಡಿಸೆಂಬರ್ 2ರ ರಾತ್ರಿ ಸೋರಿದ ಅನಿಲಕ್ಕೆ 1989ರಲ್ಲಿ 47 ಕೋಟಿ ಡಾಲರಿನ ಒಪ್ಪಂದವಾಯಿತು. ಅಂದಿನ ಮುಖ್ಯಸ್ಥರಾಗಿದ್ದ ವಾರನ್ ಆಂಡರ್ಸನ್ ಭಾರತದ ನ್ಯಾಯಾಲಯದಲ್ಲಿ ವಿಚಾರಣೆ ಎದುರಿಸದೆಯೇ 2014ರಲ್ಲಿ ತೀರಿಕೊಂಡರು. ಆ ವೇಳೆಗೆ ಯೂನಿಯನ್ ಕಾರ್ಬೈಡ್ ಬೇರೊಂದು ಕಂಪನಿಯ ಮಡಿಲು ಸೇರಿ ಹದಿಮೂರು ವರ್ಷಗಳಾಗಿದ್ದವು. ಗುತ್ತಿಗೆ ಕಾರ್ಮಿಕನಿಗೆ ‘ಕಂಟ್ರಾಕ್ಟರನ್ನ ಕೇಳಿ’ ಎನ್ನುವುದು ಇದೇ ವಿದ್ಯೆಯ ಸಣ್ಣ ಪ್ರಯೋಗ. ವಾಸ್ತವವಾಗಿ 1952ರ ಭವಿಷ್ಯನಿಧಿ ಕಾಯಿದೆಯು ಗುತ್ತಿಗೆದಾರನ ಮೂಲಕ ದುಡಿಯುವವರ ವಂತಿಗೆಗೂ ಮೂಲ ಉದ್ಯೋಗದಾತನನ್ನೇ ಹೊಣೆ ಮಾಡಿತ್ತು. ಆ ತಂದೆಗೆ ಅದು ಗೊತ್ತಿರಲಿಲ್ಲ. ಅಂದು ನಮಗೂ ಗೊತ್ತಿರಲಿಲ್ಲ. ಆಮೇಲೆ ಓದಿ ತಿಳಿದುಕೊಂಡೆವು.

ಧರ್ಮಸಭೆಯ ಸಾಮಾಜಿಕ ಬೋಧನೆ ಇದನ್ನು ಕಂಡಿರಲಿಲ್ಲವೇ? ಕಂಡಿತ್ತು. 1931ರ ಮೇ 15ರಂದು ಹನ್ನೊಂದನೆಯ ಪಿಯುಸರು ಹೊರಡಿಸಿದ ‘ಕ್ವಾದ್ರಾಜೆಸಿಮೊ ಆನ್ನೊ’ ವಿಶ್ವಪರಿಪತ್ರದ 132ನೆಯ ಪರಿಚ್ಛೇದವು ಕಂಪನಿಯ ಕಾನೂನು ರೂಪವನ್ನೇ ನೇರವಾಗಿ ಮುಟ್ಟುತ್ತದೆ. ನಷ್ಟದ ಭಯವನ್ನು ಹಂಚಿ ಮಿತಗೊಳಿಸಲೆಂದು ಮಾಡಿದ ಕಾನೂನುಗಳು ಲೆಕ್ಕ ಒಪ್ಪಿಸುವ ಹೊಣೆಯನ್ನು ಸಡಿಲಗೊಳಿಸಿವೆ, ಸಾಮೂಹಿಕ ಹೆಸರಿನ ಮರೆಯಲ್ಲಿ ಘೋರ ಅನ್ಯಾಯಗಳು ನಡೆಯುತ್ತಿವೆ ಎಂಬುದು ಅದರ ಸಾರ. ಗುರುಮಠದಲ್ಲಿ ಸಾಮಾಜಿಕ ನೀತಿಶಾಸ್ತ್ರವನ್ನು ಕಲಿಸುವ ನಾವು ಒಪ್ಪಿಕೊಳ್ಳಬೇಕು: ಈ ಪರಿಚ್ಛೇದವನ್ನು ಹಲವು ವರ್ಷ ತರಗತಿಯಲ್ಲಿ ಹಾರಿಸಿಬಿಟ್ಟಿದ್ದೇವೆ. ಅಧೀನತಾ ತತ್ತ್ವ, ನ್ಯಾಯವಾದ ಕೂಲಿ, ಸಮಾಜವಾದದ ಖಂಡನೆ ಇಷ್ಟರಲ್ಲೇ ಅವಧಿ ಮುಗಿಯುತ್ತಿತ್ತು.

ಅನಂತರದ ಬೋಧನೆ ನಿಧಾನವಾಗಿ ದನಿ ಬದಲಿಸಿತೆಂದು ನಮಗೆ ತೋರುತ್ತದೆ. 1991ರ ‘ಚೆಂತೆಸಿಮುಸ್ ಆನ್ನುಸ್’ ಉದ್ಯಮವನ್ನು ವ್ಯಕ್ತಿಗಳ ಸಮುದಾಯವೆಂದು ಕಾಣುತ್ತದೆ. 2009ರ ‘ಕಾರಿತಾಸ್ ಇನ್ ವೆರಿತಾತೆ’, ವ್ಯವಸ್ಥಾಪಕರು ಷೇರುದಾರರಿಗೆ ಮಾತ್ರವಲ್ಲದೆ ಕಾರ್ಮಿಕರಿಗೂ ಗ್ರಾಹಕರಿಗೂ ಊರಿಗೂ ಉತ್ತರದಾಯಿಗಳೆನ್ನುತ್ತದೆ. ಎರಡೂ ಉನ್ನತವಾದ ಮಾತುಗಳು. ಎರಡೂ ಒಳ್ಳೆಯ ವ್ಯವಸ್ಥಾಪಕನೊಬ್ಬನ ಮನಸ್ಸಾಕ್ಷಿಯನ್ನು ಎದುರಿಗಿಟ್ಟುಕೊಂಡು ಬರೆದವು. ಅಂಥವರಿದ್ದಾರೆ, ನಮ್ಮ ಧರ್ಮಕೇಂದ್ರದ ಬೆಂಚುಗಳಲ್ಲೂ ಕುಳಿತಿದ್ದಾರೆ. ಆದರೆ ಅವನು ಒಳ್ಳೆಯವನಾಗಿದ್ದೂ ಮೂರು ತಿಂಗಳ ಲಾಭದ ಅಂಕಿ ಕುಸಿದರೆ ಅವನ ಕುರ್ಚಿಗೆ ಇನ್ನೊಬ್ಬ ಬರುತ್ತಾನೆ. ಮನಸ್ಸಾಕ್ಷಿಗೆ ಮಾಡಿದ ಮನವಿ ವ್ಯಕ್ತಿಗೆ ತಲಪುತ್ತದೆ, ಕುರ್ಚಿಗೆ ತಲಪುವುದಿಲ್ಲ. 2015ರ ‘ಲೌದಾತೊ ಸಿ’ ರಾಜಕೀಯವು ಹಣಕಾಸಿಗೆ ಮಣಿದಿರುವುದನ್ನು ಖಾರವಾಗಿಯೇ ಹೇಳಿತು. ಆದರೂ ನಮ್ಮಲ್ಲಿ ಅದು ಹೆಚ್ಚಾಗಿ ಸಸಿ ನೆಡುವ ಕಾರ್ಯಕ್ರಮವಾಗಿ ಉಳಿದಿದೆ.

ಸಸಿಯ ಮಾತು ಬಂದುದರಿಂದ ಕುಸನೂರನ್ನು ನೆನೆಯಬೇಕು. ಕರ್ನಾಟಕದಲ್ಲಿ ಸಮಾಜವು ಒಂದು ದೊಡ್ಡ ಕಂಪನಿಯ ಬಲವನ್ನು ಕಟ್ಟಿಹಾಕಿದ ಕಥೆಯನ್ನು ಕೇಳಬಯಸುವ ಗುರುವಿದ್ಯಾರ್ಥಿಗೆ ನಾವು ಮೊದಲು ಹೇಳುವುದು ಅದನ್ನೇ. 1984ರಲ್ಲಿ ರಾಜ್ಯ ಸರ್ಕಾರವೂ ತುಂಗಭದ್ರೆಯ ದಂಡೆಯ ಹರಿಹರ ಪಾಲಿಫೈಬರ್ಸ್ ಕಂಪನಿಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿಯನ್ನು ಕಟ್ಟಿದವು. ಸರ್ಕಾರದ ಪಾಲು ಶೇಕಡಾ 51, ಕಂಪನಿಯದು 49. ಧಾರವಾಡ, ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಸುಮಾರು 30,000 ಹೆಕ್ಟೇರು ಸಾಮುದಾಯಿಕ ಭೂಮಿಯಲ್ಲಿ, ಎಂದರೆ ಊರ ದನ ಮೇಯುವ, ಸೌದೆ ಸಿಗುವ ನೆಲದಲ್ಲಿ, ಕಾರ್ಖಾನೆಯ ತಿರುಳಿಗಾಗಿ ನೀಲಗಿರಿ ಬೆಳೆಸುವುದು ಯೋಜನೆ. ಇಲ್ಲಿ ಸರ್ಕಾರವೇ ಬಹುಪಾಲು ಷೇರುದಾರ ಎಂಬುದನ್ನು ಮರೆಯದಿರೋಣ. ನಿಯಂತ್ರಿಸಬೇಕಾದ ಕೈ ನಿಯಂತ್ರಣಕ್ಕೆ ಒಳಪಡಬೇಕಾದ ಕೈಯನ್ನು ಹಿಡಿದು ನಡೆಯುತ್ತಿತ್ತು.

ಧಾರವಾಡದ ಸಮಾಜ ಪರಿವರ್ತನ ಸಮುದಾಯದವರು ಮೊದಲು ನದಿಯ ಮಾಲಿನ್ಯದ ವಿಷಯದಲ್ಲಿಯೂ ಬಳಿಕ ಈ ನೆಲದ ವಿಷಯದಲ್ಲಿಯೂ ಹೋರಾಟಕ್ಕಿಳಿದರು. ಶಿವರಾಮ ಕಾರಂತರು ಮುಖ್ಯ ಅರ್ಜಿದಾರರಾಗಿ ಸುಪ್ರೀಂ ಕೋರ್ಟಿಗೆ ಹೋದರು. 1987ರಲ್ಲಿ ಮತ್ತಷ್ಟು ಭೂಮಿ ಹಸ್ತಾಂತರವಾಗದಂತೆ ತಡೆಯಾಜ್ಞೆ ದೊರೆಯಿತು. ಅದೇ ವರ್ಷದ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ನೆರೆದು ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ತಮಗೆ ಉಪಯೋಗವಾಗುವ ಗಿಡಗಳನ್ನು ನೆಟ್ಟರು. ಅದಕ್ಕೆ ಅವರಿಟ್ಟ ಹೆಸರು ‘ಕಿತ್ತಿಕೊ–ಹಚ್ಚಿಕೊ’ ಸತ್ಯಾಗ್ರಹ. 1991ರಲ್ಲಿ ಸರ್ಕಾರ ಆ ಜಂಟಿ ಕಂಪನಿಯನ್ನು ಮುಚ್ಚಿತು. ಏಳು ವರ್ಷ ಹಿಡಿಯಿತು. ಅಷ್ಟು ಕಾಲ ಅದನ್ನು ಹಿಡಿದು ನಿಂತವರಿಗೆ ಎದುರಾಳಿಯ ಔದಾರ್ಯದ ಹಂಗಿರಲಿಲ್ಲ ಎಂಬುದು ನಮ್ಮ ಚರ್ಚೆಗೆ ಮುಖ್ಯ. ಕಿತ್ತದ್ದು ಮಾತ್ರವಾಗಿದ್ದರೆ ಅದು ಬರಿಯ ಸಿಟ್ಟಾಗುತ್ತಿತ್ತು, ಹಚ್ಚಿದ್ದು ಮಾತ್ರವಾಗಿದ್ದರೆ ವನಮಹೋತ್ಸವ.

ಬರಿಯ ಸಿಟ್ಟಿನ ಕಥೆಯೂ ನಮ್ಮ ನೆರೆಯಲ್ಲೇ ಇದೆ. 2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದಲ್ಲಿ, ಆ್ಯಪಲ್ ಕಂಪನಿಗೆ ಫೋನು ತಯಾರಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯ ಕಾರ್ಮಿಕರು ಸಂಬಳದ ವಿಚಾರವಾಗಿ ರೊಚ್ಚಿಗೆದ್ದು ಗಾಜು, ವಾಹನಗಳನ್ನು ಪುಡಿಗಟ್ಟಿದರು. ಸಂಬಳ ಪಾವತಿಯಲ್ಲಿ ಲೋಪಗಳಾಗಿದ್ದವೆಂದು ಕಂಪನಿಯೇ ಆಮೇಲೆ ಒಪ್ಪಿಕೊಂಡು ಕ್ಷಮೆ ಕೇಳಿತು. ಆ ಒಪ್ಪಿಗೆಗೆ ಮುನ್ನವೇ ನೂರಕ್ಕೂ ಹೆಚ್ಚು ಮಂದಿ ಬಂಧನಕ್ಕೊಳಗಾಗಿದ್ದರು. ತಡೆಹಿಡಿದ ಕೂಲಿಯೇ ಕೂಗುತ್ತದೆಂದು ಸಂತ ಯಕೋಬನ ಪತ್ರ ಎಚ್ಚರಿಸುತ್ತದೆ. ಆ ಕೂಗು ಕಾರ್ಮಿಕ ಇಲಾಖೆಯ ಮೇಜಿಗೆ ಮುಟ್ಟಲು ಗಾಜು ಒಡೆಯಬೇಕಾಯಿತು. ಇನ್ನೂ ಮೂರು ವರ್ಷ ತುಂಬುವ ಮೊದಲೇ, 2023ರಲ್ಲಿ, ನಮ್ಮ ವಿಧಾನಮಂಡಲವು ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಯ ದುಡಿಮೆಗೆ ಅವಕಾಶ ಕೊಟ್ಟಿತು. ಮೂರು ತಿಂಗಳ ಹೆಚ್ಚುವರಿ ದುಡಿಮೆಯ ಮಿತಿಯನ್ನು 75 ಗಂಟೆಗಳಿಂದ 145ಕ್ಕೆ ಏರಿಸಿತು. ಹೂಡಿಕೆದಾರರನ್ನು ಸೆಳೆಯಬೇಕೆಂಬುದು ಕೊಟ್ಟ ಕಾರಣ. ನಮ್ಮ ಧರ್ಮಸಭೆಯ ಸಂಸ್ಥೆಗಳಿಂದ ಅಂದು ಇದರ ಕುರಿತು ಒಂದು ಹೇಳಿಕೆಯನ್ನೂ ಓದಿದ ನೆನಪು ನಮಗಿಲ್ಲ. ಮತಾಂತರ ಕಾಯಿದೆಯ ವಿಷಯದಲ್ಲಿ ನಾವೆಲ್ಲ ಬೀದಿಗಿಳಿದಿದ್ದೆವು, ಇಳಿಯಬೇಕಾಗಿತ್ತು ಕೂಡ. ಕಾರ್ಮಿಕರ ಗಂಟೆಗಳ ವಿಷಯವು ನಮ್ಮದೆಂದು ತೋರಲಿಲ್ಲ.

ಸಮಾಜವು ಕಂಪನಿಯನ್ನು ಹೇಗೆ ನಿಯಂತ್ರಿಸಬೇಕೆಂಬ ಪ್ರಶ್ನೆಗೆ ದೈವಶಾಸ್ತ್ರವು ಆಡಳಿತಶಾಸ್ತ್ರದ ಉತ್ತರ ಕೊಡಲಾರದು. ಆದರೆ ಒಂದು ಮಾತನ್ನು ತನ್ನ ಅಧಿಕಾರದಿಂದಲೇ ಹೇಳಬಲ್ಲದು. ಮನುಷ್ಯನು ದೇವರ ಸೃಷ್ಟಿ. ಕಂಪನಿಯು ಮನುಷ್ಯರ ಸೃಷ್ಟಿ. ಮಿತ ಹೊಣೆ ಎಂಬುದು ಅದರ ಹುಟ್ಟುಗುಣವಲ್ಲ, ಸಮಾಜವು ಅದಕ್ಕೆ ಕೊಟ್ಟ ವರ. ನೆಲವೂ ನೀರೂ ವಿದ್ಯುತ್ತಿನ ರಿಯಾಯಿತಿಯೂ ವರಗಳೇ. ಹಾಗಾದರೆ ಮೊದಲ ದಾನಿ ಯಾರು, ಮೊದಲ ಋಣಿ ಯಾರು? ನಮ್ಮ ಶಾಲೆಯ ಸಮಾರಂಭದಲ್ಲಿ ಕೃತಜ್ಞತೆಯ ಮಾತು ತಲೆಕೆಳಗಾಗಿ ನಡೆದಿತ್ತು. ವರ ಕೊಡುವ ಹೊತ್ತಿನಲ್ಲಿಯೇ ಷರತ್ತು ವಿಧಿಸುವುದೂ, ಷರತ್ತು ಮುರಿದಾಗ ಹೆಸರಿನ ಮರೆಯಿಂದ ಹೆಸರುಳ್ಳವರನ್ನು ಹೊರಕ್ಕೆ ಕರೆಯುವುದೂ ಸಮಾಜದ ಹಕ್ಕು. ಭಾರತದ ನ್ಯಾಯಾಂಗ ಒಮ್ಮೆ ಈ ದಿಕ್ಕಿನಲ್ಲಿ ದಿಟ್ಟ ಹೆಜ್ಜೆ ಇಟ್ಟಿತ್ತು. ದೆಹಲಿಯ ಓಲಿಯಂ ಅನಿಲ ಸೋರಿಕೆಯ ಪ್ರಕರಣದಲ್ಲಿ 1986ರ ಡಿಸೆಂಬರಿನಲ್ಲಿ ಮುಖ್ಯ ನ್ಯಾಯಮೂರ್ತಿ ಪಿ. ಎನ್. ಭಗವತಿಯವರ ಪೀಠವು, ಅಪಾಯಕಾರಿ ಉದ್ಯಮ ನಡೆಸುವವರು ಎಚ್ಚರ ವಹಿಸಿದ್ದೆವೆಂಬ ನೆಪ ಹೇಳುವಂತಿಲ್ಲ, ಉದ್ಯಮ ದೊಡ್ಡದಾದಷ್ಟೂ ಪರಿಹಾರವೂ ದೊಡ್ಡದಾಗಬೇಕು ಎಂದು ವಿಧಿಸಿತು. ಜಕ್ಕಾಯನ ಗಣಿತಕ್ಕೆ ಇದು ಹತ್ತಿರದ್ದು.

ನೆಲದ ವಿಷಯದಲ್ಲಿ ನಾಬೋತನ ದ್ರಾಕ್ಷಿತೋಟದ ಕಥೆ ನಮ್ಮ ಓದುಗರಿಗೆ ಹೊಸದಲ್ಲ. ಅಹಾಬನು ಮೊದಲು ಕೇಳಿದ್ದು ನ್ಯಾಯವಾದ ಬೆಲೆಗೆ, ಇಲ್ಲವೇ ಇನ್ನೂ ಒಳ್ಳೆಯ ತೋಟಕ್ಕೆ ಬದಲಾಗಿ ಎಂಬುದನ್ನು ಮಾತ್ರ ಗಮನಿಸಬೇಕು. ಕೇಡು ಆರಂಭವಾದದ್ದು ‘ಇಲ್ಲ’ ಎನ್ನುವ ಹಕ್ಕು ನಾಬೋತನಿಗಿಲ್ಲವೆಂದು ಬಗೆದಾಗ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆಯ ಭೂಸ್ವಾಧೀನದ ಎದುರು ಮೂರು ವರ್ಷಕ್ಕೂ ಹೆಚ್ಚು ಕಾಲ ಕುಳಿತು ಹೇಳಿದ್ದು ಅದೇ ‘ಇಲ್ಲ’ವನ್ನು. 2025ರ ಜುಲೈ 15ರಂದು ಸರ್ಕಾರ ಆ ಸ್ವಾಧೀನವನ್ನು ಕೈಬಿಟ್ಟಿತು.

ಇಷ್ಟೆಲ್ಲ ಬರೆದ ಮೇಲೆ ನಮ್ಮ ಮನೆಯೊಳಗೂ ದೀಪ ಹಿಡಿಯಬೇಕಾಗುತ್ತದೆ. ಧರ್ಮಕ್ಷೇತ್ರವೂ ಧಾರ್ಮಿಕ ಸಭೆಯೂ ನ್ಯಾಯಿಕ ವ್ಯಕ್ತಿಗಳೇ. ನಾವೂ ಸಾಮೂಹಿಕ ಹೆಸರಿನ ಮರೆಯಲ್ಲಿಯೇ ಬದುಕುವವರು. ಪ್ರೊಟೆಸ್ಟಂಟ್ ಬಾಂಧವರ ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದುದು, ಮತ ಬದಲಿಸಿ ಕಸುಬು ಕಳೆದುಕೊಂಡವರಿಗೆ ಅನ್ನ ದೊರಕಿಸಲೂ ಹೌದು. ಕುರುಬನೂ ಧಣಿಯೂ ಒಂದೇ ಸಂಸ್ಥೆಯಾದಾಗ ಕೂಲಿಯ ಮಾತನ್ನು ಯಾರಲ್ಲಿ ಆಡುವುದೆಂಬ ಇಕ್ಕಟ್ಟು ಅಲ್ಲಿತ್ತು. ಅದು ನಮ್ಮ ಶಾಲೆ, ಆಸ್ಪತ್ರೆಗಳಲ್ಲೂ ಇದೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1286ನೆಯ ವಿಧಿಯು ಆಸ್ತಿಯ ಆಡಳಿತಗಾರರು ದೇಶದ ಕಾರ್ಮಿಕ ಕಾನೂನನ್ನು ಪಾಲಿಸಬೇಕು, ನ್ಯಾಯವಾದ ಕೂಲಿ ಕೊಡಬೇಕು ಎನ್ನುತ್ತದೆ. ನಮ್ಮ ಗುತ್ತಿಗೆಯ ಶಿಕ್ಷಕಿಯರ, ಕಾವಲುಗಾರರ, ಅಡುಗೆಯವರ ಭವಿಷ್ಯನಿಧಿಯ ಲೆಕ್ಕ ತೆರೆದಿಟ್ಟುಕೊಂಡೇ ನಾವು ಕಂಪನಿಯ ಲೆಕ್ಕ ಕೇಳಬೇಕು.

ಈ ವರ್ಷವೂ ಅದೇ ಶಾಲೆಯಿಂದ ಆಮಂತ್ರಣ ಬಂದಿದೆ. ಈ ಬಾರಿ ಗಣಕಯಂತ್ರದ ಕೊಠಡಿ. ನಾವು ಉತ್ತರವೊಂದನ್ನು ಬರೆದಿಟ್ಟಿದ್ದೇವೆ: ಬರುತ್ತೇವೆ, ಆಶೀರ್ವದಿಸುತ್ತೇವೆ, ಆದರೆ ಅದಕ್ಕೆ ಮೊದಲು ಕಂಪನಿಯ ಅಧಿಕಾರಿಗಳು ಗುತ್ತಿಗೆ ಕಾರ್ಮಿಕರ ಭವಿಷ್ಯನಿಧಿ ಪಾವತಿಯ ಕುರಿತು ಅವರ ಪ್ರತಿನಿಧಿಗಳೊಡನೆ ನಮ್ಮೆದುರು ಕುಳಿತು ಮಾತಾಡಬೇಕು ಎಂದು. ಮುಖ್ಯೋಪಾಧ್ಯಾಯಿನಿಯಾದ ಸಹೋದರಿಗೆ ಅದನ್ನು ಓದಿ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಫಾದರ್, ಅವರು ಹಿಂದೆ ಸರಿದರೆ ಕಂಪ್ಯೂಟರ್ ಇಲ್ಲದೆ ಕೂರುವುದು ಆ ಕಾರ್ಮಿಕರ ಮಕ್ಕಳೇ ಅಲ್ಲವೇ?’ ಎಂದರು. ಪತ್ರ ಇನ್ನೂ ನಮ್ಮ ಮೇಜಿನ ಮೇಲಿದೆ. ಆ ತಂದೆಯ ದೂರವಾಣಿ ಸಂಖ್ಯೆಯನ್ನು ಶಾಲೆಯಿಂದ ಕೇಳಿ ಪಡೆದಿದ್ದೇವೆ. ಕಳುಹಿಸುವ ಮುನ್ನ ಅವರಿಗೂ ಒಮ್ಮೆ ಓದಿ ಹೇಳಬೇಕಾಗಿದೆ.